ವಿಮಾನದ ಬ್ಯಾಟರಿಗೆ ಚಾರ್ಜರ್ ಆರಿಸಿದ್ದು ಹೀಗೆ: ನನ್ನ ಅನುಭವ

ತರಬೇತಿ ವಿಮಾನಗಳ ಬ್ಯಾಟರಿ ನೋಡಿಕೊಳ್ಳುವುದು ನನ್ನ ಕೆಲಸ. ಹೆಚ್ಚಾಗಿ ಸೆಸ್ನಾ 152 ಮತ್ತು 172. ನಮ್ಮಲ್ಲಿರುವ ಎರಡರಲ್ಲೂ 24 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿ, ಇಂಜಿನ್ ಹಿಂದಿನ ಫೈರ್‌ವಾಲ್‌ಗೆ, ಅಂದರೆ ಬೆಂಕಿ ತಡೆಯುವ ಗೋಡೆಗೆ, ಕೂತಿರುತ್ತದೆ. ತೂಕ ಉಳಿಸಲು ಪ್ಲೇಟುಗಳನ್ನು ತೆಳ್ಳಗೆ ಮಾಡಿರುತ್ತಾರೆ. ಅದಕ್ಕೇ ಕಾರಿನ ಬ್ಯಾಟರಿಯಷ್ಟು ಒರಟುತನ ಇದು ತಡೆಯುವುದಿಲ್ಲ. ಹಾರಾಟದಲ್ಲಿ ಆಲ್ಟರ್ನೇಟರ್ ಕೈಕೊಟ್ಟರೆ ರೇಡಿಯೋ, ಲೈಟು ಎಲ್ಲ ನಡೆಯುವುದು ಇದರಿಂದಲೇ. ಇಂಜಿನ್ ಸ್ಟಾರ್ಟ್ ಆಯ್ತು ಅಂದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಅಂತ ನಾನು ಒಪ್ಪುವುದಿಲ್ಲ.

ಮಳೆಗಾಲದಲ್ಲಿ ಹಾರಾಟ ಕಡಿಮೆ. ಬ್ಯಾಟರಿ ಸುಮ್ನೆ ಕೂತರೂ ಚಾರ್ಜ್ ಇಳಿಯುತ್ತಾ ಹೋಗುತ್ತದೆ. ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಇದಕ್ಕೆ ಹೆದರಿ ಯಾವುದೋ ಚಾರ್ಜರ್ ಹಾಕಿ ವಾರಗಟ್ಟಲೆ ಬಿಟ್ಟರೆ ನೀರು ಆರುತ್ತದೆ, ಒಳಗಿನ ಸೀಸದ ಜಾಲರಿ ಸವೆಯುತ್ತದೆ. ನಾನು ನೋಡಿದ ಮಟ್ಟಿಗೆ ಹೆಚ್ಚು ಬ್ಯಾಟರಿಗಳು ಹಾಳಾಗುವುದು ಈ ಎರಡನೇ ದಾರಿಯಲ್ಲೇ.

ನಮ್ಮ ಬ್ಯಾಟರಿ ರೂಮಿನಲ್ಲಿ ಒಂದು ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರ್ ಇತ್ತು. ಮುಂದೆ ಆಂಪಿಯರ್ ಮೀಟರ್ ಮಾತ್ರ. ಹೆಚ್ಚುಕಮ್ಮಿ ತುಂಬಿದ್ದ ಒಂದು ಎಜಿಎಂ ಬ್ಯಾಟರಿಗೆ (ಆಸಿಡ್ಡನ್ನು ಗಾಜಿನ ನಾರಿನ ಹಾಳೆ ಹೀರಿಕೊಂಡಿರುವ, ಮುಚ್ಚಿದ ಬಗೆಯ ಲೆಡ್-ಆಸಿಡ್ ಬ್ಯಾಟರಿ) ಅದನ್ನು ಜೋಡಿಸಿ, ಟರ್ಮಿನಲ್ ಮೇಲೆ ಮಲ್ಟಿಮೀಟರ್ ಇಟ್ಟು ನೋಡುತ್ತಾ ಕೂತೆ. 28.5 ವೋಲ್ಟ್ ದಾಟಿತು. 29 ದಾಟಿತು. 30ಕ್ಕೂ ನಿಲ್ಲಲಿಲ್ಲ. ಬ್ಯಾಟರಿಯ ಪಕ್ಕಕ್ಕೆ ಅಂಗೈ ಇಟ್ಟರೆ ಬಿಸಿ. ಎಜಿಎಂ ಬ್ಯಾಟರಿಗೆ ಮೇಲಿಂದ ನೀರು ಹಾಕುವ ಹಾಗಿಲ್ಲ, ವಾಲ್ವ್‌ನಿಂದ ಹೊರಗೆ ಹೋದ ಗ್ಯಾಸ್ ಹೋದಂತೆಯೇ. ತಕ್ಷಣ ಪ್ಲಗ್ ಕಿತ್ತೆ. ಹೊಸ ಚಾರ್ಜರ್ ಹುಡುಕಾಟ ಶುರುವಾಗಿದ್ದು ಅಲ್ಲಿಂದ.

ಅಂಗಡಿಗೆ ಹೋಗುವ ಮೊದಲು ಬ್ಯಾಟರಿಯ ಮ್ಯಾನುಯಲ್ ಓದಿದೆ. ಕಾನ್‌ಕಾರ್ಡ್ ಕಂಪನಿಯ ಎಜಿಎಂಗೆ ಚಾರ್ಜ್ ವೋಲ್ಟೇಜ್ 28ರಿಂದ 28.5. ತುಂಬಿದ ಮೇಲೆ ಫ್ಲೋಟ್‌ನಲ್ಲಿ, ಅಂದರೆ ಚಾರ್ಜ್ ಇಳಿಯದಂತೆ ಕಾಯುವ ಕಡಿಮೆ ವೋಲ್ಟೇಜಿನಲ್ಲಿ, ಇಡುವುದಾದರೆ 26.5ರ ಆಸುಪಾಸು. ಗಿಲ್ ಕಂಪನಿಯ ನೀರು ಹಾಕುವ ಬ್ಯಾಟರಿಗೆ ಅದರದೇ ಮ್ಯಾನುಯಲ್ ನೋಡಬೇಕು. ಹಾಗಾಗಿ ಬ್ಯಾಟರಿಯ ಬಗೆ ಆರಿಸಿಕೊಳ್ಳಲು ಸ್ವಿಚ್ ಇರಬೇಕು, ಇಲ್ಲವೇ ಒಂದೊಂದಕ್ಕೆ ಒಂದೊಂದು ಚಾರ್ಜರ್ ಬೇಕು. ಡಬ್ಬಿಯ ಮೇಲೆ ಸ್ಮಾರ್ಟ್ ಅಂತ ಬರೆದಿದ್ದರೆ ಸಾಲದು. ಚಾರ್ಜ್ ವೋಲ್ಟೇಜ್ ಎಷ್ಟು, ಫ್ಲೋಟ್ ಎಷ್ಟು ಅಂತ ಅಂಕಿಯಲ್ಲಿ ಹೇಳದ ಚಾರ್ಜರನ್ನು ನಾನು ಮುಟ್ಟಲೇ ಇಲ್ಲ.

ನಾನು ಪಟ್ಟು ಹಿಡಿದ ಇನ್ನೊಂದು ವಿಷಯ ಟೆಂಪರೇಚರ್ ಸೆನ್ಸರ್. ಮ್ಯಾನುಯಲ್‌ನ ಅಂಕಿಗಳು 25 ಡಿಗ್ರಿಯ ಆಸುಪಾಸಿಗೆ. ಬೆಂಗಳೂರಿನಲ್ಲೂ ಏಪ್ರಿಲ್ ಮಧ್ಯಾಹ್ನ ತಗಡಿನ ಹ್ಯಾಂಗರ್ ಒಳಗೆ ಆ ಲೆಕ್ಕ ನಡೆಯುವುದಿಲ್ಲ ಅಲ್ವಾ? ಬಿಸಿ ಏರಿದಂತೆ ಪ್ರತಿ ಡಿಗ್ರಿಗೆ ಸೆಲ್ಲೊಂದಕ್ಕೆ ಸುಮಾರು 3ರಿಂದ 4 ಮಿಲಿವೋಲ್ಟ್ ಇಳಿಸಬೇಕು. 24 ವೋಲ್ಟಿನ ಬ್ಯಾಟರಿಯ 12 ಸೆಲ್ಲಿಗೆ, 10 ಡಿಗ್ರಿಗೆ ಲೆಕ್ಕ ಹಾಕಿದರೆ ಅರ್ಧ ವೋಲ್ಟಿನ ಹತ್ತಿರ ಬರುತ್ತದೆ. ಇದು ಸಣ್ಣ ವ್ಯತ್ಯಾಸ ಅಲ್ಲ. ಸೆನ್ಸರ್ ಚಾರ್ಜರ್ ಡಬ್ಬಿಯೊಳಗೆ ಇದ್ದರೆ ಪ್ರಯೋಜನ ಕಡಿಮೆ, ಅದು ಬ್ಯಾಟರಿಯ ಹತ್ತಿರವೇ ಇರಬೇಕು. ಹೊಸ ಚಾರ್ಜರ್ ತಂದ ದಿನ ಫ್ಲೋಟ್‌ಗೆ ಬರುವವರೆಗೂ ಕಾದು, ಸೆನ್ಸರನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಮಲ್ಟಿಮೀಟರಿನ ಕೊನೆಯ ಅಂಕಿಗಳು ಮೆಲ್ಲಗೆ ಇಳಿದವು. ಕೈ ಬಿಟ್ಟೆ, ಮತ್ತೆ ಏರಿದವು. ಹೊಸ ಚಾರ್ಜರ್ ತಂದವರು ಯಾರಾದರೂ ಈ ಪರೀಕ್ಷೆ ಮಾಡಬಹುದು.

ಕಾರು, ಲಾರಿಗೆ ಮಾಡಿದ ಕೆಲವು ಚಾರ್ಜರ್‌ಗಳಲ್ಲಿ ಬ್ಯಾಟರಿ ರಿಪೇರಿ ಮಾಡುವ ಮೋಡ್ ತಾನಾಗಿಯೇ ಶುರುವಾಗಿ ವೋಲ್ಟೇಜನ್ನು ಬಹಳ ಮೇಲಕ್ಕೆ ಒಯ್ಯುತ್ತದೆ. ಆಫ್ ಮಾಡಲು ಆಗದಿದ್ದರೆ ಅಂಥದ್ದು ಬೇಡ. ಆಂಪಿಯರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ: ತುಂಬಿದ ಬ್ಯಾಟರಿಯನ್ನು ಹಾಗೇ ಇಟ್ಟುಕೊಳ್ಳಲು 1-2 ಆಂಪಿಯರ್ ಧಾರಾಳ. ಪೂರ್ತಿ ಇಳಿದುಹೋದ ಬ್ಯಾಟರಿ ಮಾತ್ರ ಇದರ ಕೆಲಸವಲ್ಲ. ಅದನ್ನು ಬಿಚ್ಚಿ ಬ್ಯಾಟರಿ ಶಾಪಿಗೇ ಒಯ್ಯಬೇಕು.

ಜೋಡಿಸುವಾಗಲೂ ಗಮನ ಬೇಕು. ಮಾಸ್ಟರ್ ಸ್ವಿಚ್ ಆಫ್ ಇದ್ದಾಗ ಬ್ಯಾಟರಿ ಕಾಂಟ್ಯಾಕ್ಟರ್ (ಬ್ಯಾಟರಿಯನ್ನು ವಿಮಾನದ ವೈರಿಂಗಿಗೆ ಸೇರಿಸುವ ರಿಲೇ) ತೆರೆದಿರುತ್ತದೆ, ಅಂದರೆ ಸಂಪರ್ಕ ಕಡಿದಿರುತ್ತದೆ, ಆದ್ದರಿಂದ ಫ್ಯೂಸ್ ಇರುವ ವೈರನ್ನು ನೇರ ಬ್ಯಾಟರಿ ಟರ್ಮಿನಲ್‌ಗೇ ಕೊಡುತ್ತೇವೆ. ವಿಮಾನದಲ್ಲಿ ಖಾಯಂ ಆಗಿ ವೈರ್ ಬಿಡಬೇಕಿದ್ದರೆ ಅನುಮತಿ ಇರುವ ವಿಧಾನವೇ ಆಗಬೇಕು. ಗಾಳಿಯಲ್ಲಿ ಹೈಡ್ರೋಜನ್ 4% ಆದರೆ ಒಂದು ಕಿಡಿ ಸಾಕು, ಹಾಗಾಗಿ ಬಾಗಿಲು, ಕಿಟಕಿ ತೆಗೆದೇ ಇರಬೇಕು. ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳನ್ನು ಈ ರೂಮಿಗೆ ತರಲೇಬಾರದು. ಅವುಗಳ ಸ್ಪ್ಯಾನರ್, ಹೈಡ್ರೋಮೀಟರ್ ಕೂಡ ಬೇರೆಯೇ.

ಚಾರ್ಜರ್ ಬದಲಾದ ಮೇಲೆ ಗಿಲ್ ಬ್ಯಾಟರಿಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ. ಆದರೂ ತೀರ್ಮಾನ ಕೊಡುವುದು ಕ್ಯಾಪಾಸಿಟಿ ಟೆಸ್ಟೇ: ಒಂದು ಗಂಟೆಯ ರೇಟ್‌ನಲ್ಲಿ (ಚೆನ್ನಾಗಿರುವ ಬ್ಯಾಟರಿ ಒಂದು ಗಂಟೆ ಕೊಡಬಲ್ಲ ಕರೆಂಟಿನಲ್ಲಿ) 20 ವೋಲ್ಟಿಗೆ ಇಳಿಯುವವರೆಗೆ ಡಿಸ್ಚಾರ್ಜ್ ಮಾಡಿ ನಿಮಿಷ ಎಣಿಸುತ್ತೇವೆ. 48 ನಿಮಿಷ ಬಂದರೆ 80%. ಅದಕ್ಕಿಂತ ಕಡಿಮೆ ಬಂದದ್ದನ್ನು ವಿಮಾನಕ್ಕೆ ಹಾಕುವುದಿಲ್ಲ. ಪ್ರತಿ ಬ್ಯಾಟರಿಯ ಕಾರ್ಡಿನಲ್ಲಿ ಆ ನಿಮಿಷದ ಪಕ್ಕ ಫ್ಲೋಟ್ ವೋಲ್ಟೇಜನ್ನೂ ಈಗ ಬರೆದಿಡುತ್ತಿದ್ದೇನೆ.