ಅಮೆರಿಕದ ಆ ಒಂಬತ್ತು ಕುರ್ಚಿಗಳು: ಊರಿಂದ ಹೋದವರಿಗೆ

2025ರ ಮಳೆಗಾಲದಲ್ಲಿ ರಜೆಗೆ ಕಾರ್ಕಳಕ್ಕೆ ಬಂದಿದ್ದೆ. ಅಪ್ಪ ವಕೀಲರ ಹತ್ತಿರ ಗುಮಾಸ್ತರಾಗಿದ್ದವರು, ಕೋರ್ಟಿನ ಸುದ್ದಿ ಅಂದರೆ ಈಗಲೂ ಕಿವಿ ನೆಟ್ಟಗಾಗುತ್ತದೆ. "ಅಮೆರಿಕದ ಸುಪ್ರೀಂ ಕೋರ್ಟಿನ ಜಡ್ಜರಿಗೆ ರಿಟೈರ್‌ಮೆಂಟೇ ಇಲ್ವಾ ಮಾರಾಯ?" ಎಂದು ಕೇಳಿದರು. ಯಕ್ಷಗಾನದ ಹ್ಯಾಂಡ್‌ಬಿಲ್ ಒಂದರ ಹಿಂಬದಿಯಲ್ಲಿ ಒಂಬತ್ತು ಚೌಕ ಎಳೆದು ಹೇಳಿದೆ. ಮಂಗಳೂರು, ಉಡುಪಿ ಕಡೆಯಿಂದ ಹೊಸದಾಗಿ ಅಮೆರಿಕಕ್ಕೆ ಬಂದವರಿಗೂ ಅದು ಬೇಕಾದೀತು.

ನಮ್ಮಲ್ಲಿ ಸುಪ್ರೀಂ ಕೋರ್ಟಿನ ಜಡ್ಜ್ 65ಕ್ಕೆ ನಿವೃತ್ತಿ. ಹೆಸರು ಸೂಚಿಸುವುದು ಹಿರಿಯ ಜಡ್ಜ್‌ಗಳ ಕೊಲೀಜಿಯಂ. ಅಮೆರಿಕದಲ್ಲಿ 1869ರಿಂದ ಒಂಬತ್ತೇ ಜನ. ಹೆಸರು ಕೊಡುವುದು ಅಧ್ಯಕ್ಷರು, ಒಪ್ಪುವುದು ಅಲ್ಲಿಯ ಸಂಸತ್ತಿನ ಮೇಲ್ಮನೆ, ಸೆನೆಟ್. ಒಮ್ಮೆ ಕೂತರೆ ತಾವಾಗಿ ಬಿಡುವವರೆಗೆ, ಇಲ್ಲವೇ ಸಾಯುವವರೆಗೆ. ಕ್ಲಾರೆನ್ಸ್ ಥಾಮಸ್ 1991ರಿಂದ ಕೂತಿದ್ದಾರೆ!

ಚೌಕಗಳಲ್ಲಿ ಹೆಸರು ತುಂಬಿದೆ. ಥಾಮಸ್, ರಾಬರ್ಟ್ಸ್, ಅಲಿಟೊ, ಗೋರ್ಸಚ್, ಕ್ಯಾವನಾ, ಬ್ಯಾರೆಟ್: ಆರೂ ಜನ ರಿಪಬ್ಲಿಕನ್ ಅಧ್ಯಕ್ಷರು ತಂದವರು. ಸೊಟೊಮಯೋರ್, ಕೇಗನ್, ಜಾಕ್ಸನ್ ಡೆಮಾಕ್ರಟಿಕ್ ಅಧ್ಯಕ್ಷರು ತಂದವರು. ಪೇಪರಿನಲ್ಲಿ ಆರು-ಮೂರು ಎಂದು ಬರುತ್ತದಲ್ವಾ, ಅದು ಇದೇ.

ಈ ಲೆಕ್ಕ ಹೇಗೆ ಬಂತು ಅನ್ನುವುದೇ ಮುಖ್ಯ. 2016ರ ಫೆಬ್ರವರಿಯಲ್ಲಿ ಒಂಬತ್ತರಲ್ಲಿ ಒಬ್ಬರಾದ ಜಡ್ಜ್ ಸ್ಕಲಿಯಾ ತೀರಿಕೊಂಡರು. ಆಗಿನ ಡೆಮಾಕ್ರಟಿಕ್ ಅಧ್ಯಕ್ಷ ಒಬಾಮಾ ಅವರು ಮೆರಿಕ್ ಗಾರ್ಲೆಂಡ್ ಹೆಸರು ಕೊಟ್ಟರು. ಚುನಾವಣೆಯ ವರ್ಷ, ಜನ ತೀರ್ಮಾನಿಸಲಿ ಎಂದು ರಿಪಬ್ಲಿಕನ್ನರ ಸೆನೆಟ್ ವಿಚಾರಣೆಯನ್ನೇ ಮಾಡಲಿಲ್ಲ. ಕುರ್ಚಿ ವರ್ಷಕ್ಕಿಂತ ಜಾಸ್ತಿ ಖಾಲಿ ಇತ್ತು, ಕೊನೆಗೆ ಟ್ರಂಪ್ ತಂದ ಗೋರ್ಸಚ್ ಕೂತರು. 2020ರ ಸೆಪ್ಟೆಂಬರ್ 18ಕ್ಕೆ ಇನ್ನೊಬ್ಬ ಜಡ್ಜ್ ಗಿನ್ಸ್‌ಬರ್ಗ್ ತೀರಿಕೊಂಡಾಗಲೂ ಚುನಾವಣೆಯ ವರ್ಷವೇ. ಈ ಸಲ ಅದೇ ರಿಪಬ್ಲಿಕನ್ನರು ಅಕ್ಟೋಬರ್ 26ಕ್ಕೇ 52-48 ಮತಗಳಿಂದ ಬ್ಯಾರೆಟ್ ಅವರನ್ನು ಒಪ್ಪಿದರು. ಮತದಾನಕ್ಕೆ ಎಂಟೇ ದಿನ ಉಳಿದಿತ್ತು. ನನಗೆ ಇದು ಸರಿ ಕಾಣುವುದಿಲ್ಲ. ಒಂದೇ ನಿಯಮ ಎರಡೂ ಸಲ ನಡೆಯಬೇಕಿತ್ತು. 1986ರಲ್ಲಿ ಇದೇ ಸ್ಕಲಿಯಾ ಅವರನ್ನು ಸೆನೆಟ್ 98-0 ಮತಗಳಿಂದ ಒಪ್ಪಿತ್ತು, ಅಂಥ ಕಾಲವೂ ಇತ್ತು.

ಅಪ್ಪ ಇಷ್ಟು ಕೇಳಿ, "ನಮ್ಮ ಕೌಡೂರಿನ ಹೆಗ್ಡೆಯವರಿಗೆ ಆದದ್ದು ಗೊತ್ತುಂಟಲ್ಲ?" ಎಂದರು. ದೇರಳಕಟ್ಟೆಯ ಆಸ್ಪತ್ರೆಗೆ ಯಾರ ಹೆಸರಿದೆಯೋ ಅದೇ ಜಸ್ಟಿಸ್ ಕೆ.ಎಸ್. ಹೆಗ್ಡೆ. 1973ರ ಏಪ್ರಿಲ್ 24ರಂದು, ಕಾಸರಗೋಡಿನ ಹತ್ತಿರದ ಎಡನೀರು ಮಠದ ಸ್ವಾಮಿಗಳು ಹಾಕಿದ್ದ ಕೇಶವಾನಂದ ಭಾರತಿ ಕೇಸಿನಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸುವಂತಿಲ್ಲ ಎಂದು 7-6ರ ತೀರ್ಪು ಬಂತು. ಹೆಗ್ಡೆಯವರು ಆ ಏಳು ಜನರಲ್ಲಿ ಒಬ್ಬರು. ಕೂಡಲೇ ಸರ್ಕಾರ ಹಿರಿಯ ಜಡ್ಜ್‌ಗಳಾದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಜಡ್ಜ್ ಆಯ್ಕೆಯಲ್ಲಿ ಸರ್ಕಾರ ಕೈ ಹಾಕಿದರೆ ಏನಾಗುತ್ತದೆ ಎಂದು ನಮ್ಮ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಂತ ತಂದವರ ಮಾತನ್ನೇ ಎಲ್ಲರೂ ಕೇಳುತ್ತಾರೆ ಅಂದುಕೊಳ್ಳಬೇಡಿ. ಚಿಕ್ಕಂದಿನಲ್ಲಿ ದಾಖಲೆಯಿಲ್ಲದೆ ಬಂದವರಿಗೆ ರಕ್ಷಣೆ ಕೊಡುವ ಡಾಕಾ ಯೋಜನೆಯನ್ನು ಟ್ರಂಪ್ ಸರ್ಕಾರ ರದ್ದು ಮಾಡಹೊರಟಾಗ, 2020ರಲ್ಲಿ 5-4ರಲ್ಲಿ ತಡೆದ ತೀರ್ಪು ಬರೆದದ್ದು ಬುಷ್ ತಂದ ರಾಬರ್ಟ್ಸ್ ಅವರೇ.

ನಮಗೆ ಇದೆಲ್ಲ ಯಾಕೆ? ಎಚ್-1ಬಿ ಕೆಲಸದ ವೀಸಾದಲ್ಲಿರುವ ದಂಪತಿಗೆ ಹುಟ್ಟುವ ಮಗುವಿಗೂ ಪೌರತ್ವ ಬೇಡ ಎನ್ನುವ ಆದೇಶಕ್ಕೆ 2025ರ ಜನವರಿ 20ರಂದು ಟ್ರಂಪ್ ಸಹಿ ಹಾಕಿದರು. ಕೆಳ ಕೋರ್ಟುಗಳು ಅದನ್ನು ತಡೆದವು. ಅಲ್ಲಿ ಹುಟ್ಟಿದವರು ಅಲ್ಲಿಯ ಪ್ರಜೆ ಎಂದು 1898ರಲ್ಲೇ ವಾಂಗ್ ಕಿಮ್ ಆರ್ಕ್ ಕೇಸಿನಲ್ಲಿ ಹೇಳಿದ್ದು ಇದೇ ಸುಪ್ರೀಂ ಕೋರ್ಟ್. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರಿಗೆ, ಭಾರತೀಯರು ಬಿಳಿಯರಲ್ಲ, ಪೌರತ್ವ ಸಿಗದು ಎಂದದ್ದೂ ಇದೇ ಕೋರ್ಟ್.

ಗ್ರೀನ್ ಕಾರ್ಡ್ ಇದ್ದರೆ ಮತ ಹಾಕುವಂತಿಲ್ಲ, ನೆನಪಿರಲಿ. ಪ್ರಜೆಯಾದವರು ಅಧ್ಯಕ್ಷರಿಗೆ ಮಾತ್ರ ಮತ ಹಾಕಿ ಸುಮ್ನೆ ಕೂರಬೇಡಿ. ನಿಮ್ಮ ರಾಜ್ಯದ ಇಬ್ಬರು ಸೆನೆಟರ್‌ಗಳು ಯಾರು, ಅವರ ಆರು ವರ್ಷ ಯಾವಾಗ ಮುಗಿಯುತ್ತದೆ ನೋಡಿಟ್ಟುಕೊಳ್ಳಿ. ಸುಪ್ರೀಂ ಕೋರ್ಟಿನ ವರ್ಷ ಶುರುವಾಗುವುದು ಅಕ್ಟೋಬರಿನ ಮೊದಲ ಸೋಮವಾರ. ದೊಡ್ಡ ತೀರ್ಪುಗಳು ಹೆಚ್ಚಾಗಿ ಜೂನ್ ಕೊನೆಗೆ. ವಾದವನ್ನು ನೇರವಾಗಿ ಕೇಳಬಹುದು, ದುಡ್ಡಿಲ್ಲ. ಅಲ್ಲಿ ಬೆಳಿಗ್ಗೆ ಹತ್ತು ಅಂದರೆ ಅಕ್ಟೋಬರಿನಲ್ಲಿ ಕಾರ್ಕಳದಲ್ಲಿ ಸಂಜೆ ಏಳೂವರೆ. ಅಪ್ಪನ ಫೋನಿಗೆ ಹಾಕಿಕೊಟ್ಟು ಬಂದಿದ್ದೇನೆ. ಹ್ಯಾಂಡ್‌ಬಿಲ್ ಪಕ್ಕದಲ್ಲಿಟ್ಟುಕೊಂಡು ಕೇಳುತ್ತಾರಂತೆ.