ಡಿವಿಡಿಯ ತುಣುಕಿನಲ್ಲಿ ಕಂಡ ಸೂರ್ಯನ ಸೋಡಿಯಂ

ಎಲ್‌ಇಡಿ ಬಲ್ಬಿನ ಬೆಳಕೂ ಬಿಳಿ, ಹಳೆಯ ಟ್ಯೂಬ್‌ಲೈಟಿನ ಬೆಳಕೂ ಬಿಳಿ. ಎರಡೂ ಒಂದೇ ಬಿಳಿಯೇ ಎಂಬ ಪ್ರಶ್ನೆ ಬಹಳ ದಿನಗಳಿಂದ ನನ್ನನ್ನು ಕಾಡುತ್ತಿತ್ತು. ಕಣ್ಣನ್ನು ಕೇಳಿ ಪ್ರಯೋಜನವಿಲ್ಲ, ಬಂದ ಬಣ್ಣಗಳನ್ನೆಲ್ಲ ಅದು ಕಲಸಿಬಿಡುತ್ತದೆ. ಬಿಡಿಸಿ ನೋಡಲು ರೋಹಿತದರ್ಶಕ ಬೇಕು. ಒಂದು ರಟ್ಟಿನ ಪೆಟ್ಟಿಗೆ, ಹಳೆಯ ಡಿವಿಡಿ ಮತ್ತು ಎರಡು ಬ್ಲೇಡುಗಳಿಂದ ಅದನ್ನು ನಾನೇ ಮಾಡಿಕೊಂಡೆ.

ಡಿವಿಡಿ ಎಂದರೆ ಒಂದಕ್ಕೊಂದು ಅಂಟಿಸಿದ ಎರಡು ತೆಳು ಪ್ಲಾಸ್ಟಿಕ್ ತಟ್ಟೆಗಳು. ಕತ್ತರಿಯಿಂದ ತುಂಡು ಮಾಡಿ ಅಂಚಿನಲ್ಲಿ ಉಗುರು ತೂರಿಸಿದರೆ ಬೇರೆಯಾಗುತ್ತವೆ. ಉಳಿದ ಲೋಹದ ಲೇಪವನ್ನು ಅಂಟುಪಟ್ಟಿಯಿಂದ ಕಿತ್ತೆ, ನೇರಳೆ ಬಣ್ಣವನ್ನು ಸ್ಪಿರಿಟ್ ಹಾಕಿ ತೊಳೆದೆ. ಕೈಯಲ್ಲಿ ಉಳಿದದ್ದು ಗಾಜಿನಂಥ ಚೂರು. ಅದರ ಮೇಲೆ ಮಿಲಿಮೀಟರಿಗೆ ಸುಮಾರು 1350 ಗೀರುಗಳಿವೆ, ಬೆಳಕನ್ನು ಬಣ್ಣಬಣ್ಣವಾಗಿ ಬೇರ್ಪಡಿಸುವುದು ಅವೇ. ಚೂರನ್ನು ತಟ್ಟೆಯ ಹೊರಅಂಚಿನಿಂದಲೇ ತೆಗೆಯಬೇಕು. ಒಳಭಾಗದಲ್ಲಿ ಗೀರುಗಳ ಬಾಗು ಹೆಚ್ಚು.

ನಾನು ಸೋತದ್ದು ಪೆಟ್ಟಿಗೆಯೊಳಗೆ ಬೆಳಕನ್ನು ಬಿಡುವ ಸೀಳಿನಲ್ಲಿ. ಚಾಕುವಿನಿಂದ ರಟ್ಟಿನಲ್ಲಿ ಕೊರೆದ ಸೀಳು ಒಂದು ಮಿಲಿಮೀಟರಿನಷ್ಟು ಅಗಲವಾಗಿತ್ತು. ಸೊಗಸಾದ ಕಾಮನಬಿಲ್ಲು ಕಂಡಿತು, ಆದರೆ ಗೆರೆಗಳೆಲ್ಲ ಒಂದರೊಳಗೊಂದು ಸೇರಿಹೋಗಿದ್ದವು. ಮೂರು ಸಲ ಕೊರೆದರೂ ಅದೇ ಕಥೆ. ಕೊನೆಗೆ ಎರಡು ಬ್ಲೇಡುಗಳ ಅಲಗನ್ನು ಎದುರುಬದುರಾಗಿಟ್ಟು, ನಡುವೆ ಒಂದು ಹಾಳೆಯ ಅಂಚನ್ನು ನಿಲ್ಲಿಸಿ, ಬ್ಲೇಡುಗಳನ್ನು ಅಂಟಿಸಿದ ಮೇಲೆ ಹಾಳೆಯನ್ನು ಎಳೆದುಬಿಟ್ಟೆ. ಹಾಳೆಯ ದಪ್ಪವೇ ಸೀಳಿನ ಅಗಲ, ಅಂದರೆ ಸುಮಾರು 0.1 ಮಿಲಿಮೀಟರ್. ಸೀಳಿನಿಂದ 25 ಸೆಂಟಿಮೀಟರ್ ದೂರದಲ್ಲಿ, ಗೀರುಗಳು ಸೀಳಿಗೆ ಸಮಾನಾಂತರವಾಗಿರುವಂತೆ ಚೂರನ್ನು ಕೂರಿಸಿದೆ. ಮೊಬೈಲ್ ಕ್ಯಾಮೆರಾವನ್ನು ಸುಮಾರು 47 ಡಿಗ್ರಿ ಓರೆಯಾಗಿಟ್ಟಾಗ ಬಣ್ಣಗಳು ಚೌಕಟ್ಟಿನೊಳಗೆ ಬಂದವು.

ಟ್ಯೂಬ್‌ಲೈಟಿನತ್ತ ತಿರುಗಿಸಿದೆ. ಕತ್ತಲಲ್ಲಿ ಎಳೆದ ದಾರಗಳಂತೆ ನೀಲಿ, ಹಸಿರು, ಕೆಂಪು ಗೆರೆಗಳು ಬಿಡಿಬಿಡಿಯಾಗಿ ನಿಂತಿದ್ದವು! ಎಲ್‌ಇಡಿಯಲ್ಲಿ ಅಂಥ ಗೆರೆಗಳೇ ಇಲ್ಲ. ಪ್ರಖರ ನೀಲಿ, ಅದರ ಪಕ್ಕದಲ್ಲಿ ಮಂಕಾದ ಒಂದು ಪಟ್ಟೆ, ಆಮೇಲೆ ಹಸಿರಿನಿಂದ ಕೆಂಪಿನವರೆಗೆ ಹರಡಿದ ಬೆಳಕು. ಒಳಗಿರುವ ಚಿಪ್ ಹೊಮ್ಮಿಸುವುದು ನೀಲಿಯನ್ನು ಮಾತ್ರ. ಅದರಲ್ಲಿ ಒಂದಷ್ಟನ್ನು ಮೇಲಿನ ಹಳದಿ ಲೇಪ ಹೀರಿಕೊಂಡು ಉಳಿದ ಬಣ್ಣಗಳಾಗಿ ಹೊರಬಿಡುತ್ತದೆ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಆದರೆ ಪೆಟ್ಟಿಗೆಯನ್ನು ಕೆಳಗಿಡಲು ಮನಸ್ಸಾಗಲಿಲ್ಲ.

ಟ್ಯೂಬ್‌ಲೈಟಿನ ಆ ನೀಲಿ ಮತ್ತು ಹಸಿರು ಗೆರೆಗಳು ಪಾದರಸದವು. ಅವುಗಳ ತರಂಗಾಂತರ 435.8 ಮತ್ತು 546.1 ನ್ಯಾನೋಮೀಟರ್. ಚಿತ್ರದಲ್ಲಿ ಅವುಗಳ ನಡುವೆ 442 ಪಿಕ್ಸೆಲ್ ಇದ್ದವು. ಅಂದರೆ ಪಿಕ್ಸೆಲಿಗೆ ಸುಮಾರು ಕಾಲು ನ್ಯಾನೋಮೀಟರ್. ಅಳತೆಪಟ್ಟಿ ಸಿದ್ಧವಾಯಿತು. ಉಪ್ಪುನೀರಿನಲ್ಲಿ ಅದ್ದಿದ ತಂತಿಯನ್ನು ಸ್ಪಿರಿಟ್ ದೀಪದ ಜ್ವಾಲೆಗೆ ಹಿಡಿದೆ. ಒಂಟಿ ಹಳದಿ ಗೆರೆ ಮೂಡಿತು, ಹಸಿರಿನಿಂದ 176 ಪಿಕ್ಸೆಲ್ ಆಚೆ. ಲೆಕ್ಕ ಹಾಕಿದರೆ 590. ಸೋಡಿಯಂ ಗೆರೆಯ ನಿಜವಾದ ಜಾಗ 589.3. ರಟ್ಟಿನ ಪೆಟ್ಟಿಗೆ ಇಷ್ಟು ಹತ್ತಿರ ಬಂದೀತೆಂದು ನಾನು ಎಣಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಬಿಸಿಲಿನಲ್ಲಿ ಬಿಳಿ ಹಾಳೆ ಇಟ್ಟು, ಆ ಹಾಳೆಯತ್ತ ಪೆಟ್ಟಿಗೆಯನ್ನು ತಿರುಗಿಸಿದೆ. ಸೂರ್ಯನತ್ತ ನೇರವಾಗಿ ಎಂದೂ ತಿರುಗಿಸಬಾರದು, ಕಣ್ಣಿಗೆ ಅಪಾಯ. ಅಖಂಡವಾದ ಬಣ್ಣದ ಪಟ್ಟಿಯ ನಡುನಡುವೆ ಸಣ್ಣ ಕಪ್ಪು ಗೆರೆಗಳಿದ್ದವು. 1814ರಲ್ಲಿ ಜರ್ಮನಿಯ ವಿಜ್ಞಾನಿ ಫ್ರೌನ್‌ಹೋಫರ್ ಗುರುತಿಸಿಟ್ಟ ಗೆರೆಗಳು ಅವು. ಕ್ಯಾಮೆರಾವನ್ನು ಹಿಂದಿನ ದಿನದಿಂದ ಕದಲಿಸಿರಲಿಲ್ಲ. ಉಪ್ಪಿನ ಚಿತ್ರವನ್ನೂ ಬಿಸಿಲಿನ ಚಿತ್ರವನ್ನೂ ಒಂದರ ಕೆಳಗೊಂದು ಇಟ್ಟೆ. ಉಪ್ಪಿನ ಹಳದಿ ಗೆರೆ ಇದ್ದಲ್ಲೇ ಬಿಸಿಲಿನಲ್ಲಿ ಕಪ್ಪು ಗೆರೆ! ಸೂರ್ಯನ ಹೊರಪದರದಲ್ಲಿರುವ ಸೋಡಿಯಂ ಆ ಬಣ್ಣವನ್ನು ಅಲ್ಲಿಯೇ ಹೀರಿಕೊಂಡಿದೆ. 15 ಕೋಟಿ ಕಿಲೋಮೀಟರ್ ದೂರದ ಉಪ್ಪಿನಂಶವನ್ನು ಮೇಜಿನ ಮೇಲೆ ಕಂಡ ಆ ಬೆಳಿಗ್ಗೆ ನಾನು ಬಹಳ ಹೊತ್ತು ಅಲ್ಲಿಂದ ಏಳಲೇ ಇಲ್ಲ.

ಸೋಡಿಯಂ ಗೆರೆ ನಿಜಕ್ಕೂ ಜೋಡಿ, 589.0 ಮತ್ತು 589.6. ನನ್ನ ಚಿತ್ರದಲ್ಲಿ ಅವೆರಡೂ ಅಂಟಿಕೊಂಡೇ ಇವೆ. ಅವನ್ನು ಬಿಡಿಸಿ ನೋಡಲೆಂದೇ ಈಗ 50 ಸೆಂಟಿಮೀಟರ್ ಉದ್ದದ ಪೆಟ್ಟಿಗೆ ಕಟ್ಟುತ್ತಿದ್ದೇನೆ.