ಕ್ರೂಗರ್‌ನಲ್ಲಿ ನಿಮ್ಮದೇ ಕಾರಿನ ಸಫಾರಿ: ಓಡಿಸುವುದು ಕಡಿಮೆ, ಕೂರುವುದು ಹೆಚ್ಚು

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಬಾಡಿಗೆ ಕಾರನ್ನು ತಾವೇ ಓಡಿಸಿಕೊಂಡು ಪ್ರಾಣಿ ನೋಡಬಹುದು. ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ಜೀಪಿನಲ್ಲಿ ಚಾಲಕನ ಹಿಂದೆ ಕೂತು ಅಭ್ಯಾಸವಾದ ನಮ್ಮವರು ಸ್ಟಿಯರಿಂಗ್ ಕೈಗೆ ಸಿಕ್ಕ ಕೂಡಲೇ ದಿನಕ್ಕೆ 250 ಕಿ.ಮೀ. ಸುತ್ತತೊಡಗುತ್ತಾರೆ. ಸಿಂಹ ಕಂಡರೆ ಎರಡು ಫೋಟೊ, ಮತ್ತೆ ಮುಂದಕ್ಕೆ. ಸಂಜೆ ಗೇಟು ಮುಚ್ಚುವ ಹೊತ್ತಿಗೆ ಕಣ್ಣು ಕೆಂಪು, ಸೊಂಟ ನೋವು, ಹಿಂದಿನ ಸೀಟಿನಲ್ಲಿ ಮಕ್ಕಳ ರಂಪ. ವಿಶ್ರಾಂತಿಗೆಂದು ಹೋದವರು ಆಯಾಸ ಹೊತ್ತು ಬರುತ್ತಾರೆ.

‘ವೆಲ್‌ನೆಸ್ ಸಫಾರಿ’ ಎಂದು ಮಸಾಜು, ಯೋಗ, ಸ್ಪಾ ಸೇರಿಸಿ ಖಾಸಗಿ ಲಾಡ್ಜುಗಳು ದುಬಾರಿ ಪ್ಯಾಕೇಜು ಮಾರುತ್ತವೆ. ದುಡ್ಡಿದ್ದವರು ಹೋಗಲಿ. ಆದರೆ ಬೆಳಕು ಹರಿಯುವಾಗ ಏಳುವುದು, ನಡುಹಗಲು ಮಲಗುವುದು, ಒಂದೇ ನೀರಿನ ದಡದಲ್ಲಿ ಎರಡು ಗಂಟೆ ಸುಮ್ಮನೆ ಕೂರುವುದು, ಸಂಜೆ ಕೆಂಡದ ಮುಂದೆ ಅಡುಗೆ ಮಾಡುವುದು: ಮೈಮನಸ್ಸು ಹಗುರಾಗುವುದು ಇವುಗಳಿಂದ. ಉದ್ಯಾನದ ಸರ್ಕಾರಿ ಕ್ಯಾಂಪಿನಲ್ಲೇ ಇವೆಲ್ಲ ಸಿಗುತ್ತವೆ.

1. ತಿಂಗಳು, ಕ್ಯಾಂಪು

ಮೇಯಿಂದ ಸೆಪ್ಟೆಂಬರ್‌ವರೆಗೆ ಒಣ ಹವೆ. ಹುಲ್ಲು ಕುಗ್ಗಿರುತ್ತದೆ, ನೀರು ಕೆಲವೇ ಕಡೆ ಉಳಿದಿರುತ್ತದೆ, ಪ್ರಾಣಿಗಳು ಅಲ್ಲಿಗೇ ಬರುತ್ತವೆ. ಅಲ್ಲಿನ ಶಾಲಾ ರಜೆಯ ವಾರಗಳನ್ನು ತಪ್ಪಿಸಿ. ಐದು ರಾತ್ರಿಯಿದ್ದರೆ ಎರಡೇ ಕ್ಯಾಂಪು ಸಾಕು. ಲೋವರ್ ಸಾಬಿಯಲ್ಲಿ ಮೂರು, ಸತಾರಾದಲ್ಲಿ ಎರಡು ಎಂಬುದು ನಮ್ಮ ಸಲಹೆ. ಮೊದಲನೆಯದಕ್ಕೆ ನದಿ ಮತ್ತು ಪಕ್ಕದಲ್ಲೇ ಸನ್‌ಸೆಟ್ ಡ್ಯಾಮ್. ಎರಡನೆಯದರ ಸುತ್ತ ಸಿಂಹ ಓಡಾಡುವ ಹುಲ್ಲುಬಯಲು. ಕೋಣೆಯನ್ನು ಉದ್ಯಾನ ನಡೆಸುವ ಸರ್ಕಾರಿ ಸಂಸ್ಥೆ ಸಾನ್‌ಪಾರ್ಕ್ಸ್‌ನ ಸ್ವಂತ ಜಾಲತಾಣದಲ್ಲೇ ತಿಂಗಳುಗಟ್ಟಲೆ ಮೊದಲು ಹಿಡಿಯಿರಿ. ದಿನಕ್ಕೊಂದು ಕ್ಯಾಂಪು ಬದಲಿಸುವ ಯೋಜನೆ ಯಾರಾದರೂ ಹಾಕಿಕೊಟ್ಟರೆ ಬೇಡವೆನ್ನಿ. ಬೆಳಗಿನ ಒಳ್ಳೆಯ ಹೊತ್ತೆಲ್ಲ ಗಂಟುಮೂಟೆ ಕಟ್ಟುವುದರಲ್ಲೇ ಹೋಗುತ್ತದೆ.

2. ಕಾಗದಪತ್ರ, ಕಾರು

ಅಲ್ಲಿಯೂ ಎಡಬದಿ ಸಂಚಾರ. ಕಾರು ಬಾಡಿಗೆಗೆ ಕೊಡುವವರು ಕೇಳಬಹುದಾದ್ದರಿಂದ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಅಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ ವಿಮಾನ ಬದಲಿಸುವಾಗ 12 ಗಂಟೆಗಿಂತ ಹೆಚ್ಚು ಕಾಯಬೇಕಾದರೆ ಹಳದಿಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಟಿಕೆಟ್ ಕೊಳ್ಳುವಾಗಲೇ ಇದನ್ನು ನೋಡಿಕೊಳ್ಳಿ. ಕ್ರೂಗರ್ ಮಲೇರಿಯಾ ಪ್ರದೇಶ. ಅಕ್ಟೋಬರ್‌ನಿಂದ ಮೇವರೆಗೆ ಅಪಾಯ ಹೆಚ್ಚು. ಯಾವ ತಿಂಗಳಲ್ಲೇ ಹೋದರೂ ತಡೆ ಮಾತ್ರೆಯ ಬಗ್ಗೆ ವೈದ್ಯರನ್ನು ಮೊದಲೇ ಕೇಳಿ.

ಫೋರ್ ವೀಲ್ ಡ್ರೈವ್ ಬೇಡ. ಮುಖ್ಯ ರಸ್ತೆಗಳು ಡಾಂಬರಿನವು, ಮಣ್ಣಿನ ರಸ್ತೆಗಳಲ್ಲೂ ಸಾಮಾನ್ಯ ಕಾರು ಹೋಗುತ್ತದೆ. ಸೀಟು ಎತ್ತರವಿರುವ ಕಾರು ಕೇಳಿ, ಹುಲ್ಲಿನ ಮೇಲಿಂದ ನೋಟ ಸಿಗುತ್ತದೆ. ಜೊಹಾನ್ಸ್‌ಬರ್ಗ್‌ನಿಂದ ದಕ್ಷಿಣದ ಗೇಟುಗಳಿಗೆ ನಾಲ್ಕೈದು ಗಂಟೆ. ರಾತ್ರಿ ವಿಮಾನದಿಂದಿಳಿದವರು ಅಲ್ಲೇ ಮಲಗಿ ಬೆಳಿಗ್ಗೆ ಹೊರಡಿ.

3. ದಿನದ ಗಡಿಯಾರ

ಮೇಯಿಂದ ಜುಲೈವರೆಗೆ ಕ್ಯಾಂಪಿನ ಗೇಟು ಬೆಳಿಗ್ಗೆ 6ಕ್ಕೆ ತೆರೆದು ಸಂಜೆ 5:30ಕ್ಕೆ ಮುಚ್ಚುತ್ತದೆ. ತಡವಾಗಿ ಬಂದರೆ ದಂಡ. ವೇಗದ ಮಿತಿ ಡಾಂಬರಿನಲ್ಲಿ 50 ಕಿ.ಮೀ., ಮಣ್ಣಿನಲ್ಲಿ 40. ಪ್ರಾಣಿ ಕಾಣಬೇಕಾದರೆ 25 ದಾಟಬಾರದು. ಉದ್ಯಾನದ ಮುಖ್ಯ ಕ್ಯಾಂಪಾದ ಸ್ಕುಕುಜಾದಿಂದ ಲೋವರ್ ಸಾಬಿಗೆ ಇರುವುದು ಸುಮಾರು 45 ಕಿ.ಮೀ.; ಅದಕ್ಕೆ ಮೂರು ಗಂಟೆ ಇಟ್ಟುಕೊಳ್ಳಿ. ಕ್ಯಾಂಪು ಬದಲಿಸುವ ದಿನ ಬಿಟ್ಟರೆ ದಿನಕ್ಕೆ 80 ಕಿ.ಮೀ. ಮೀರಬೇಡಿ.

ಗೇಟು ತೆರೆಯುವ ಮುಂಚೆಯೇ ಫ್ಲಾಸ್ಕಿನಲ್ಲಿ ರೂಯ್‌ಬೊಸ್ ಚಹಾ, ಜೊತೆಗೆ ಅದ್ದಿ ತಿನ್ನಲು ಗಟ್ಟಿ ರಸ್ಕು ಕಟ್ಟಿಕೊಂಡು ಸಾಲಿನಲ್ಲಿರಿ. ಹತ್ತೂವರೆಗೆ ಕ್ಯಾಂಪಿಗೆ ಮರಳಿ, ಉಂಡು, ಪರದೆ ಎಳೆದು ಮಲಗಿ. ಮೂರರ ಮೇಲೆ ಮತ್ತೆ ಹೊರಡಿ. ನಡುಹಗಲು ನೆರಳಲ್ಲಿ ಮಲಗಿದ ಸಿಂಹವನ್ನು ಹುಡುಕಿ ಬಿಸಿಲಲ್ಲಿ ಅಲೆಯುವುದು ವ್ಯರ್ಥ.

4. ನೀರಿನ ಹತ್ತಿರ ಕೂರುವುದು

ಸೂರ್ಯ ಬೆನ್ನಿಗಿರುವಂತೆ ನಿಲ್ಲಿಸಿ, ಎಂಜಿನ್ ಆರಿಸಿ. ಪ್ರಾಣಿಗಳು ಇಳಿದು ಬರುವ ಜಾಡಿಗೆ ಕಾರು ಅಡ್ಡವಿರಬಾರದು. ದಡದಲ್ಲಿ ಹೆಜ್ಜೆಗುರುತು ದಟ್ಟವಾಗಿರುವ ಕಡೆಯೇ ಜಾಡು. ಮೊದಲ ಇಪ್ಪತ್ತು ನಿಮಿಷ ಏನೂ ಇಲ್ಲ ಅನ್ನಿಸುತ್ತದೆ, ಹೆಚ್ಚಿನವರು ಎದ್ದು ಹೋಗುವುದು ಆಗಲೇ. ಕೂತವರಿಗೆ ಮೊಸಳೆಯ ಮೂಗು, ಹಿಪ್ಪೊದ ಕಿವಿ, ಆಮೇಲೆ ಜಿಂಕೆಯಂಥ ಇಂಪಾಲಗಳ ಸಾಲು ಒಂದೊಂದಾಗಿ ಕಾಣಸಿಗುತ್ತವೆ.

ನಮ್ಮ ಕಾಡಿನಲ್ಲಿ ಕಡವೆ, ಮುಸುವಗಳ ಕೂಗು ಕೇಳಿ ಹುಲಿ ಹುಡುಕುವಂತೆ ಅಲ್ಲಿ ಇಂಪಾಲದ ಸೀನಿದಂಥ ಸದ್ದು, ವರ್ವೆಟ್ ಕೋತಿಯ ಎಚ್ಚರಿಕೆ ಕೂಗುಗಳಿಗೆ ಕಿವಿಗೊಡಿ. ಹಲವು ಜಿರಾಫೆಗಳು ಮೇವು ಬಿಟ್ಟು ಒಂದೇ ದಿಕ್ಕಿಗೆ ದಿಟ್ಟಿಸುತ್ತಿದ್ದರೆ ಅತ್ತ ಸಿಂಹವಿರುವ ಸಂಭವ ಹೆಚ್ಚು. ಸ್ಕುಕುಜಾ ಬಳಿಯ ಲೇಕ್ ಪ್ಯಾನಿಕ್‌ನಲ್ಲಿ ಹಕ್ಕಿ ನೋಡಲು ಮರೆಗೂಡು ಇದೆ. ಅಲ್ಲಿ ಮಾತು ಪೂರ್ತಿ ನಿಲ್ಲಿಸಿ.

ಗುರುತು ಹಾಕಿದ ಜಾಗ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವಂತಿಲ್ಲ, ಕಿಟಕಿಯಿಂದ ಹೊರಗೆ ಬಾಗುವಂತಿಲ್ಲ. ಎಲ್ಲಿ ಯಾವ ಪ್ರಾಣಿ ಕಂಡಿತೆಂದು ತಿಳಿಸುವ ಮೊಬೈಲ್ ಆ್ಯಪ್‌ಗಳನ್ನು ದಯವಿಟ್ಟು ಅಳಿಸಿಹಾಕಿ. ಅವುಗಳಿಂದಾಗಿ ಒಂದು ಚಿರತೆಯ ಸುತ್ತ ಮೂವತ್ತು ಕಾರು ಮುತ್ತುತ್ತವೆ, ಓಡಿ ಬರುವವರ ಚಕ್ರಕ್ಕೆ ಬೇರೆ ಪ್ರಾಣಿ ಸಿಕ್ಕಿ ಸಾಯುತ್ತವೆ.

5. ರಸ್ತೆಯಲ್ಲಿ ಆನೆ

ಜನ ಅತಿ ಹೆಚ್ಚು ಕೆಡಿಸುವ ಘಟ್ಟ ಇದು. ಕೊಡಗು, ಚಾಮರಾಜನಗರದ ರಸ್ತೆಗಳಲ್ಲಿ ಆನೆ ಕಂಡವರೇ ಇನ್ನಷ್ಟು ಎಡವುತ್ತಾರೆ, ಏಕೆಂದರೆ ಇಲ್ಲಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಆಫ್ರಿಕಾದಲ್ಲಿ ಹೆಣ್ಣಾನೆಗೂ ಕೋರೆಯಿದೆ. ಕೋರೆ ನೋಡಿ ಸಲಗವೆಂದು ತಿಳಿದು ಪಕ್ಕದಲ್ಲಿ ನುಸುಳಲು ಹೋದರೆ, ಅದು ತಾಯಾನೆಯಾಗಿದ್ದು ಪೊದೆಯಿಂದ ಮರಿ ಹೊರಬಂದೀತು. ಪಕ್ಕದಿಂದ ನೋಡಿದಾಗ ಗಂಡಿನ ಹಣೆ ಗುಂಡಗೆ ಇಳಿಯುತ್ತದೆ, ಹೆಣ್ಣಿನದು ಕೋನವಾಗಿ ಮುರಿದಂತಿರುತ್ತದೆ. ಹಣೆಯನ್ನೇ ನೋಡಿ.

ದೂರ: ಕನಿಷ್ಠ 50 ಮೀಟರ್, ಮರಿಗಳಿದ್ದರೆ 100. ತಿರುವಿನಲ್ಲಿ ನಿಲ್ಲಬೇಡಿ. ಎಂಜಿನ್ ಚಾಲೂ ಇರಲಿ, ಹಿಂದಕ್ಕೆ ಹೋಗಲು ದಾರಿ ಖಾಲಿಯಿದೆಯೇ ಎಂದು ಕನ್ನಡಿಯಲ್ಲಿ ನೋಡುತ್ತಿರಿ. ಆನೆಗಿಂತ ದೊಡ್ಡ ಅಪಾಯ ಹಿಂದೆ ಬಂದು ಅಂಟಿ ನಿಲ್ಲುವ ಕಾರು. ನೀವು ಹಿಂದೆ ಸರಿಯಲಾಗದಂತೆ ಸಿಕ್ಕಿಬೀಳುತ್ತೀರಿ. ಆದ್ದರಿಂದ ನಿಲ್ಲುವಾಗಲೇ ಮುಂದಿನವರಿಂದ ಮೂರು ಕಾರಿನಷ್ಟು ಅಂತರ ಬಿಡಿ, ಹಿಂದಿನವರು ಹತ್ತಿರ ಬಂದರೆ ಹಿಂಬದಿಯ ಬಿಳಿ ದೀಪ ಉರಿಯುವಂತೆ ರಿವರ್ಸ್ ಗೇರ್ ಹಾಕಿ ತೋರಿಸಿ.

ಆನೆ ಕಿವಿ ಬೀಸುತ್ತ, ಮೇಯುತ್ತ, ಬಾಲ ಸಡಿಲ ಬಿಟ್ಟಿದ್ದರೆ ನೆಮ್ಮದಿಯಿಂದಿದೆ. ಮೇವು ನಿಲ್ಲಿಸಿ ನಿಮ್ಮತ್ತ ತಿರುಗಿತು, ತಲೆ ಎತ್ತಿತು, ಕಿವಿ ಅಗಲಿಸಿತು ಎಂದರೆ ನಿಮ್ಮನ್ನು ಅಳೆಯುತ್ತಿದೆ. ಈ ಕ್ಷಣವೇ ನಿಧಾನವಾಗಿ ಹಿಂದೆ ಸರಿಯಬೇಕು. ಹುಲ್ಲು ಕಿತ್ತು ಬಾಯಿಗಿಡದೆ ಎಸೆಯುವುದು, ಒಂದು ಮುಂಗಾಲನ್ನು ತೂಗಾಡಿಸುವುದು, ತಲೆ ಕೊಡವುವುದು, ಸೊಂಡಿಲು ಸುರುಳಿ ಸುತ್ತಿ ಬಿಚ್ಚುವುದು: ಇವು ಇರುಸುಮುರುಸಿನ ಗುರುತು. ಜನ ಇದನ್ನು ಆಟವೆಂದು ತಿಳಿದು ವಿಡಿಯೊ ಮಾಡುತ್ತ ಕೂರುತ್ತಾರೆ. ಘೀಳಿಟ್ಟು ಕಿವಿ ಅಗಲಿಸಿ ಧೂಳೆಬ್ಬಿಸಿಕೊಂಡು ಬಂದು ಅರ್ಧದಲ್ಲಿ ನಿಲ್ಲುವುದು ಸಾಮಾನ್ಯವಾಗಿ ಬೆದರಿಕೆ. ಕಿವಿ ಹಿಂದಕ್ಕೆ ಒತ್ತಿ, ಸೊಂಡಿಲು ಒಳಗೆ ಮಡಚಿ, ತಲೆ ತಗ್ಗಿಸಿ ಸದ್ದಿಲ್ಲದೆ ಬಂದರೆ ಅದು ನಿಜವಾದ ದಾಳಿ. ಇದು ಯಾವುದೆಂದು ನೋಡುತ್ತ ನಿಲ್ಲುವಷ್ಟು ಹೊತ್ತು ಇರುವುದಿಲ್ಲ, ಮೊದಲ ಗುರುತಿಗೇ ಹಿಂದೆ ಸರಿಯಿರಿ.

ಮದವೇರಿದ ಗಂಡಾನೆಗೆ ದಾರಿ ಪೂರ್ತಿ ಬಿಟ್ಟುಕೊಡಿ. ಕೆನ್ನೆಯ ಮೇಲೆ ಒಸರುವ ರಸ ಮಾತ್ರ ಗುರುತಲ್ಲ. ಆಫ್ರಿಕಾದ ಹೆಣ್ಣಾನೆ, ಎಳೆಯ ಆನೆಗಳಿಗೂ ಅದು ಒಸರುತ್ತದೆ. ಹಿಂಗಾಲಿನ ಒಳಬದಿ ಮೂತ್ರದಿಂದ ಒದ್ದೆಯಾಗಿದೆಯೇ, ತಲೆ ಎತ್ತಿ ನಡೆಯುತ್ತಿದೆಯೇ, ಗಾಳಿಯಲ್ಲಿ ಕಟುವಾಸನೆಯಿದೆಯೇ ನೋಡಿ. ಅಂಥದ್ದು ರಸ್ತೆಯಲ್ಲೇ ಎದುರಿಗೆ ನಡೆದು ಬರುತ್ತಿದ್ದರೆ ಅದು ಪಕ್ಕಕ್ಕೆ ಇಳಿಯುವ ತನಕ, ಎರಡು ಕಿ.ಮೀ. ಆದರೂ, ನೀವು ರಿವರ್ಸಿನಲ್ಲೇ ಹಿಂದಕ್ಕೆ ಸರಿಯುತ್ತಿರಬೇಕು.

ಹಾರ್ನ್, ಹೆಡ್‌ಲೈಟ್ ಮಿಣುಕಿಸುವುದು, ಎಂಜಿನ್ ಗರ್ಜಿಸುವುದು ಯಾವುದೂ ಬೇಡ. ಹಿಂಡು ರಸ್ತೆ ದಾಟುವಾಗ ಕೊನೆಯ ಆನೆ ದಾಟಿತೆಂದು ನುಗ್ಗಬೇಡಿ. ಹಿಂದುಳಿದ ಮರಿಯೊಂದು ಇದ್ದೇ ಇರುತ್ತದೆ ಎಂದು ಭಾವಿಸಿ ಐದು ನಿಮಿಷ ಕಾಯಿರಿ. ನೀರಿನ ಬಳಿ ಎಂಜಿನ್ ಆರಿಸಿ ಕೂತಾಗ ಶಾಂತ ಹಿಂಡು ತಾನಾಗಿಯೇ ತೀರ ಹತ್ತಿರ ಬಂದುಬಿಟ್ಟರೆ ಮಾತ್ರ ನಿಯಮ ತಿರುಗುಮುರುಗು: ಎಂಜಿನ್ ಮುಟ್ಟಬೇಡಿ, ಕೈ ಆಡಿಸಬೇಡಿ, ದಾಟಿ ಹೋಗಲು ಬಿಡಿ.

ಕಿತ್ತಳೆ, ಬಾಳೆಹಣ್ಣನ್ನು ತೆರೆದಿಟ್ಟುಕೊಂಡು ಸುತ್ತಬೇಡಿ. ವಾಸನೆ ಆನೆಗೂ ಬಬೂನಿಗೂ ತಿಳಿಯುತ್ತದೆ. ಜಿಂಬಾಬ್ವೆಯ ಮಾನಾ ಪೂಲ್ಸ್ ಉದ್ಯಾನದಲ್ಲಿ ಇದೇ ಕಾರಣಕ್ಕೆ ತಾಜಾ ಹಣ್ಣು ಒಯ್ಯುವುದನ್ನೇ ನಿಷೇಧಿಸಿದ್ದಾರೆ.

6. ಸಂಜೆಯ ಕೆಂಡ, ಊಟ

ಹೆಚ್ಚಿನ ಕೋಣೆಗಳ ಮುಂದೆ ಬ್ರಾಯ್ ಒಲೆ, ಅಂದರೆ ಕೆಂಡದ ಮೇಲೆ ಸುಡುವ ಜಾಲರಿ ಒಲೆ ಇದೆ. ಸೌದೆ ಕ್ಯಾಂಪಿನ ಅಂಗಡಿಯಲ್ಲೇ ಕೊಳ್ಳಿ. ಕಾಡಿನಲ್ಲಿ ಆಯುವುದು ಅಪರಾಧ, ಅದಲ್ಲದೆ ತಾಂಬೋಟಿ ಎಂಬ ಮರದ ಹೊಗೆ ವಿಷ. ಅದರ ಕೆಂಡದಲ್ಲಿ ಬೇಯಿಸಿದ್ದನ್ನು ತಿಂದರೆ ವಾಂತಿಭೇದಿ. ಇಂಧನ ಸವರಿ ‘ತಕ್ಷಣ ಹೊತ್ತುವ’ ಇದ್ದಿಲೆಂದು ಮಾರುವ ಚೀಲ ಬೇಡ, ಊಟದ ತುಂಬ ಸೀಮೆಎಣ್ಣೆಯ ವಾಸನೆ. ಕತ್ತಲಾಗುವ ಒಂದು ಗಂಟೆ ಮುಂಚೆ ಬೆಂಕಿ ಹಚ್ಚಿ, ಜ್ವಾಲೆ ಪೂರ್ತಿ ಇಳಿದು ಕೆಂಡ ಬೂದಿ ಹೊದ್ದ ಮೇಲೆ ಜಾಲರಿ ಇಡಿ. ಜಾಲರಿಯ ಎತ್ತರದಲ್ಲಿ ಅಂಗೈ ಹಿಡಿದು ಎಣಿಸಿ: ಐದಾರಕ್ಕೆ ಕೈ ತೆಗೆಯಬೇಕಾದರೆ ಮಾಂಸಕ್ಕೆ ಸರಿ, ಹತ್ತರವರೆಗೆ ತಡೆದರೆ ಬ್ರೆಡ್ಡಿಗೆ ಸರಿ.

ಬೂರೆವೋರ್ಸ್ ಸಾಸೇಜಿನಲ್ಲಿ ಕಾನೂನಿನ ಪ್ರಕಾರ ಕನಿಷ್ಠ ಶೇ 90 ಮಾಂಸವಿರಬೇಕು, ಅದು ಬಹುತೇಕ ದನದ್ದು. ತಿನ್ನದವರು ಲೇಬಲ್ ಓದಿ. ತಿನ್ನುವವರು ಚುಚ್ಚದೆ ಸುಡಿ, ಇಲ್ಲವಾದರೆ ಕೊಬ್ಬು ಸೋರಿ ಒಣಗುತ್ತದೆ.

ಸಸ್ಯಾಹಾರಿಗಳಿಗೆ ಸೊಗಸಾದ ಊಟವಿದೆ. ಬ್ರಾಯ್‌ಬ್ರೊಕೀ ಎಂದರೆ ಕೆಂಡದ ಸ್ಯಾಂಡ್‌ವಿಚ್: ಹೊರಬದಿಗೆ ಬೆಣ್ಣೆ, ಒಳಗೆ ಚೆಡ್ಡರ್, ಟೊಮೆಟೊ, ಈರುಳ್ಳಿ, ಹಣ್ಣಿನ ಚಟ್ನಿ. ಟೊಮೆಟೊದ ಎರಡೂ ಬದಿಗೆ ಚೀಸ್ ಇರಲಿ, ಬ್ರೆಡ್ ಒದ್ದೆಯಾಗದು. ಮುಚ್ಚುವ ಜಾಲರಿಯಲ್ಲಿಟ್ಟು ನಿಮಿಷಕ್ಕೊಮ್ಮೆ ಮಗುಚುತ್ತ ಎಂಟು ಹತ್ತು ನಿಮಿಷ. ಅವಸರದಲ್ಲಿ ಬಿಸಿ ಕೆಂಡಕ್ಕಿಟ್ಟರೆ ಹೊರಗೆ ಕರಿ, ಒಳಗೆ ಚೀಸ್ ತಣ್ಣಗೆ.

ಮೆಕ್ಕೆಜೋಳದ ಹಿಟ್ಟು ಬೇಯಿಸಿದ ಪಾಪ್ ಮಾಡುವುದು ಮುದ್ದೆ ತಿರುವಿದವರಿಗೆ ಸಲೀಸು. ಉದುರುದುರು ಪಾಪ್‌ಗೆ ಅರ್ಧ ಲೀಟರ್ ನೀರು, ಒಂದು ಚಮಚ ಉಪ್ಪು, ಮೂರು ಕಪ್ ಹಿಟ್ಟು. ಎಸರು ಕುದಿಯುವಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ ಮುಚ್ಚಿ ಹತ್ತು ನಿಮಿಷ ಬಿಡಿ. ಆಮೇಲೆ ಹುಟ್ಟಿನಿಂದಲ್ಲ, ಫೋರ್ಕಿನಿಂದ ಕೆದಕಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಹುಟ್ಟು ಹಾಕಿದರೆ ಉಂಡೆ ಕಟ್ಟುತ್ತದೆ. ಜೊತೆಗೆ ಚಕಲಾಕ ಎಂಬ ಖಾರದ ತರಕಾರಿ ಗೊಜ್ಜು: ಎರಡು ಈರುಳ್ಳಿ, ಒಂದು ದೊಣ್ಣೆಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಎರಡು ಹಸಿಮೆಣಸು ಹುರಿದು, ಎರಡು ಚಮಚ ಕರಿ ಪುಡಿ, ಮೂರು ತುರಿದ ಕ್ಯಾರೆಟ್, ಒಂದು ಡಬ್ಬಿ ಟೊಮೆಟೊ ಹಾಕಿ ಹದಿನೈದು ನಿಮಿಷ ಬೇಯಿಸಿ ಕೊನೆಗೆ ಒಂದು ಡಬ್ಬಿ ಬೇಯಿಸಿದ ಬೀನ್ಸ್. ಡಬ್ಬಿಯಲ್ಲಿ ಸಿಗುವ ಸಿದ್ಧ ಚಕಲಾಕ ನಮ್ಮ ನಾಲಿಗೆಗೆ ಸಿಹಿ.

ಅನೇಕ ಕಡೆ ಫ್ರಿಜ್ಜು ಜಗಲಿಯಲ್ಲೇ ಇರುತ್ತದೆ, ಅಗುಳಿ ಹಾಕದಿದ್ದರೆ ಕೋತಿ ತೆರೆಯುತ್ತದೆ. ಬೇಲಿಯಾಚೆ ಬರುವ ಕತ್ತೆಕಿರುಬಕ್ಕೆ ಮೂಳೆ ಎಸೆಯಬೇಡಿ. ಮನುಷ್ಯರ ಊಟಕ್ಕೆ ಒಗ್ಗಿದ ಪ್ರಾಣಿಯನ್ನು ಕೊನೆಗೆ ಗುಂಡಿಕ್ಕಿ ಕೊಲ್ಲಬೇಕಾಗುತ್ತದೆ.

7. ಕೊಳ್ಳಬಾರದ ಸಫಾರಿಗಳು

ಸಿಂಹದ ಮರಿ ಎತ್ತಿಕೊಳ್ಳುವುದು, ಸಿಂಹದ ಜೊತೆ ನಡಿಗೆ, ಆನೆ ಸವಾರಿ: ಉದ್ಯಾನದ ಹೊರಗೆ ಇವನ್ನೆಲ್ಲ ‘ಪ್ರಾಣಿ ಒಡನಾಟ’ ಎಂದು ಮಾರುವವರಿದ್ದಾರೆ. ತಾಯಿಯಿಂದ ಬೇಗ ಅಗಲಿಸಿದ ಮರಿ ಬೆಳೆದ ಮೇಲೆ ಕಾಡಿಗೆ ಹೋಗಲಾರದು. ಬೇಟೆಗೋ ಮೂಳೆ ವ್ಯಾಪಾರಕ್ಕೋ ಹೋಗುತ್ತದೆ. ಸಾಕಿದ ಸಿಂಹಗಳ ಈ ಉದ್ಯಮ ನಿಲ್ಲಬೇಕೆಂದು ಅಲ್ಲಿನ ಸರ್ಕಾರ ನೇಮಿಸಿದ ಸಮಿತಿಯೇ 2021ರಲ್ಲಿ ಶಿಫಾರಸು ಮಾಡಿತು. ನಡೆಯುವ ಆಸೆಯಿದ್ದರೆ ಕ್ಯಾಂಪಿನಿಂದ ಹೊರಡುವ ಬೆಳಗಿನ ನಡಿಗೆಗೆ ಹೆಸರು ಕೊಡಿ: ಬಂದೂಕು ಹಿಡಿದ ಇಬ್ಬರು ಮಾರ್ಗದರ್ಶಕರು, ಹೆಚ್ಚೆಂದರೆ ಎಂಟು ಜನ. 12 ವರ್ಷದೊಳಗಿನ ಮಕ್ಕಳನ್ನು ಸೇರಿಸುವುದಿಲ್ಲ.

8. ಹೊರಡುವಾಗ

ಕಾಲುಬಾಯಿ ರೋಗ ಹರಡದಿರಲೆಂದು ಉದ್ಯಾನದಿಂದ ಸೀಳುಗೊರಸಿನ ಪ್ರಾಣಿಗಳ ಹಸಿ ಮಾಂಸ ಹೊರಗೆ ಒಯ್ಯಲು ಬಿಡುವುದಿಲ್ಲ. ಉಳಿದದ್ದನ್ನು ಕೊನೆಯ ರಾತ್ರಿ ಬೇಯಿಸಿ ಮುಗಿಸಿ. ಮಲೇರಿಯಾ ಮಾತ್ರೆಯನ್ನು ಮನೆಗೆ ಬಂದ ಕೂಡಲೇ ನಿಲ್ಲಿಸಬೇಡಿ: ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಇನ್ನೂ ಏಳು ದಿನ, ಡಾಕ್ಸಿಸೈಕ್ಲಿನ್ ಆದರೆ ನಾಲ್ಕು ವಾರ. ಮೂರು ತಿಂಗಳೊಳಗೆ ಜ್ವರ ಬಂದರೆ ಡೆಂಗಿ ಇರಬಹುದೆಂದು ಕಾಯುತ್ತ ಕೂರದೆ, ಆಫ್ರಿಕಾದ ಮಲೇರಿಯಾ ಪ್ರದೇಶಕ್ಕೆ ಹೋಗಿದ್ದೆನೆಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ, ಅಂದೇ ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿರುವುದು ಬಹುಪಾಲು ಮಲೇರಿಯಾದ ಅತಿ ಅಪಾಯಕಾರಿ ಬಗೆಯಾದ ಫಾಲ್ಸಿಪೆರಮ್, ಒಂದೆರಡು ದಿನ ತಡವಾದರೂ ಜೀವಕ್ಕೆ ಅಪಾಯ.